ಬ್ಯಾಲಿಕಿಲ್‌ಕ್ಲೈನ್: ಒಂದು ಐರಿಷ್ ಟೌನ್‌ಲ್ಯಾಂಡಿನ ನೆಲ ಮತ್ತು ಒಕ್ಕಲು

(ಇದು ಹಲವರು ಸೇರಿ ನಡೆಸಿದ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಕೆರೆದಂಡೆ

ನಾನು ಐರ್ಲೆಂಡಿನ ರಾಸ್‌ಕಾಮನ್ ಕೌಂಟಿಗೆ ಬಂದು ಒಂಬತ್ತು ವರ್ಷಗಳಾದವು. ಬಂದ ಹೊಸದರಲ್ಲಿ ನನ್ನ ವಿಳಾಸವನ್ನು ನೋಡಿ ನನಗೇ ಗಾಬರಿಯಾಗಿತ್ತು. ಅದರಲ್ಲಿ ಮನೆಯ ಸಂಖ್ಯೆ ಇರಲಿಲ್ಲ, ರಸ್ತೆಯ ಹೆಸರೂ ಇರಲಿಲ್ಲ. ಇದ್ದದ್ದು ಟೌನ್‌ಲ್ಯಾಂಡಿನ ಹೆಸರು, ಹತ್ತಿರದ ಪೇಟೆಯ ಹೆಸರು, ಕೌಂಟಿಯ ಹೆಸರು, ಇಷ್ಟೇ. 2015ರಲ್ಲಿ ಏರ್‌ಕೋಡ್ ಎಂಬ ಅಂಚೆ ಸಂಕೇತ ಬಂದಿದ್ದರೂ, ನಮ್ಮ ಕಡೆಯ ಹಿರಿಯರು ಯಾರ ಮನೆಯನ್ನು ಹೇಳಬೇಕಾದರೂ ಮೊದಲು ಟೌನ್‌ಲ್ಯಾಂಡಿನ ಹೆಸರನ್ನೇ ಹೇಳುತ್ತಾರೆ.

ಟೌನ್‌ಲ್ಯಾಂಡ್ ಎಂದರೆ ಪಟ್ಟಣವಲ್ಲ. ಐರಿಷ್ ಭಾಷೆಯಲ್ಲಿ ಅದು ‘ಬಾಲ್ಯ ಫ಼ಾರನ್’. ‘ಬಾಲ್ಯ’ ಎಂದರೆ ಊರು, ನೆಲೆ. ಇಂಗ್ಲಿಷಿನವರ ಬಾಯಲ್ಲಿ ಅದೇ ‘ಬ್ಯಾಲಿ’ ಆಗಿ ಸಾವಿರಾರು ಹೆಸರುಗಳ ಮುಂದೆ ಕುಳಿತಿದೆ. ಇಡೀ ದ್ವೀಪದಲ್ಲಿ ಇಂಥ 61,000ಕ್ಕೂ ಹೆಚ್ಚು ಟೌನ್‌ಲ್ಯಾಂಡುಗಳಿವೆ. ಸರಾಸರಿ ತೆಗೆದರೆ ಒಂದೊಂದಕ್ಕೆ ಸುಮಾರು 325 ಎಕರೆ ಬರುತ್ತದೆ, ಆದರೆ ಆ ಸರಾಸರಿಯಿಂದ ಏನೂ ತಿಳಿಯುವುದಿಲ್ಲ. ಕೆಲವು ಒಂದೆರಡು ಎಕರೆಯವು, ಮೇಯೋ ಕೌಂಟಿಯ ಜೌಗು ನೆಲದಲ್ಲಿ ಏಳು ಸಾವಿರ ಎಕರೆ ಮೀರಿದ್ದೂ ಒಂದಿದೆ. ನಮ್ಮ ಗ್ರಾಮದಂತೆ ಇಲ್ಲಿ ಮನೆಗಳು ಒಂದೆಡೆ ಒತ್ತಾಗಿ, ಹೊಲಗಳು ಸುತ್ತ ಹರಡಿರಬೇಕೆಂದಿಲ್ಲ. ಟೌನ್‌ಲ್ಯಾಂಡ್ ಮೂಲತಃ ನೆಲದ ತುಂಡು. ತೊರೆ, ಹಳೆಯ ಕಂದಕ, ಕಲ್ಲಿನ ಪಾಗಾರ ಅದರ ಮೇರೆ. (ಇಲ್ಲಿಯ ರೈತರು ಗಡಿಯ ಪಾಗಾರಕ್ಕೆ ‘ಮೇರಿಂಗ್’ ಎನ್ನುತ್ತಾರೆ. ನಮ್ಮ ‘ಮೇರೆ’ಗೂ ಅದಕ್ಕೂ ಸಂಬಂಧವಿಲ್ಲ, ಆದರೂ ಮೊದಲ ಬಾರಿ ಕೇಳಿದಾಗ ಕಿವಿ ನಿಮಿರಿತ್ತು.)

ಕಳೆದ ಭಾನುವಾರ ಕಿಲ್‌ಗ್ಲಾಸ್ ಪ್ಯಾರಿಷಿನ ಬ್ಯಾಲಿಕಿಲ್‌ಕ್ಲೈನ್ ಎಂಬ ಟೌನ್‌ಲ್ಯಾಂಡನ್ನು ನೋಡಿ ಬಂದೆ. ಸುಮಾರು 600 ಎಕರೆ ನೆಲ. 1840ರ ದಶಕದ ಆರಂಭದಲ್ಲಿ ಅಲ್ಲಿ ಸುಮಾರು 500 ಜನರಿದ್ದರು. ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಬಂದ ಮಹಾ ಬರಗಾಲದ ನಡುವೆ, 1848ರ ಹೊತ್ತಿಗೆ, ಅವರೆಲ್ಲರನ್ನೂ ಒಕ್ಕಲೆಬ್ಬಿಸಲಾಗಿತ್ತು. ಬಹುತೇಕರನ್ನು ಲಿವರ್‌ಪೂಲ್ ಮಾರ್ಗವಾಗಿ ನ್ಯೂಯಾರ್ಕಿಗೆ ಹಡಗು ಹತ್ತಿಸಿದ್ದರು. ಇಂದು ಅಲ್ಲಿ ಹಸಿರು ಹುಲ್ಲುಗಾವಲು, ದನಗಳು, ಅಲ್ಲಲ್ಲಿ ಒಂದೊಂದು ಮನೆ. ಐನೂರು ಜನ ಬದುಕಿದ್ದ ಕುರುಹು ಕಣ್ಣಿಗೆ ಬೀಳಲಿಲ್ಲ.

ನಾನು ಕೇಳಬೇಕೆಂದಿರುವುದು ಇಷ್ಟು: ಇಂಥ ನೆಲದ ಮೇಲೆ ಯಾವ ಮನೆತನಗಳು, ಎಷ್ಟು ನೆಲ ಹಿಡಿದು, ಹೇಗೆ ಬದುಕಿದವು ಎಂಬುದನ್ನು ಯಾವ ಕಡತದಿಂದ ಎಷ್ಟರ ಮಟ್ಟಿಗೆ ತಿಳಿಯಬಹುದು? ನನ್ನ ಅನಿಸಿಕೆಯಲ್ಲಿ ನೆಲದ ಕಡತ ನೆಲಕ್ಕೆ ಹಣ ಕಟ್ಟಿದವನನ್ನು ಮಾತ್ರ ಬಲ್ಲದು; ಅದೇ ನೆಲದಲ್ಲಿ ಉಂಡು ಮಲಗಿದವರನ್ನು ಅದು ಬಲ್ಲದು ಎಂದು ನಂಬಿದರೆ ಮೋಸ ಹೋಗುತ್ತೇವೆ. ತಿಳಿದವರು ಸೇರಿಸಬೇಕು, ತಪ್ಪಿದ್ದರೆ ತಿದ್ದಬೇಕು.

ಹಳೆಯ ಕಡತ

ಒಳ್ಳೆಯ ವಿಷಯ ಎತ್ತಿದ್ದೀರಿ. ಆದರೆ ಮೊದಲ ಲೆಕ್ಕವೇ ನನಗೆ ಹೊಂದುತ್ತಿಲ್ಲ. 600 ಎಕರೆಯಲ್ಲಿ 500 ಜನ ಎಂದರೆ ತಲೆಗೆ ಎಕರೆಗಿಂತ ಸ್ವಲ್ಪ ಹೆಚ್ಚು. ಅದರಲ್ಲೂ ಜೌಗು, ಕಲ್ಲುನೆಲ, ಕೆರೆಯಂಚು ಕಳೆಯಬೇಕು. ನೀರಾವರಿಯ ಭತ್ತದ ನಾಡಿನಲ್ಲಿ ಇದನ್ನು ಊಹಿಸಬಹುದು. ಬಿಸಿಲೇ ಕಡಿಮೆ ಇರುವ ನಾಡಿನಲ್ಲಿ, ಅದೂ ಗೇಣಿ ಕಟ್ಟಿಕೊಂಡು, ಇಷ್ಟು ಜನ ಹೇಗೆ ಉಂಡರು?

ಕೆರೆದಂಡೆ

ಆಲೂಗಡ್ಡೆಯಿಂದ. ಒಂದು ಎಕರೆ ಆಲೂಗಡ್ಡೆ ಐದಾರು ಜನರ ಸಂಸಾರವನ್ನು ವರ್ಷದ ಬಹುಭಾಗ ಸಾಕುತ್ತಿತ್ತು. ದುಡಿಯುವ ಗಂಡಾಳು ದಿನಕ್ಕೆ ಐದಾರು ಕಿಲೋ ಆಲೂಗಡ್ಡೆ ತಿನ್ನುತ್ತಿದ್ದ, ಜೊತೆಗೆ ಸಿಕ್ಕಿದರೆ ಮಜ್ಜಿಗೆ. ಓಟ್ಸ್ ಬೆಳೆಯಾಗಲಿ, ಹಂದಿಯಾಗಲಿ, ಕರುವಾಗಲಿ ಮನೆಯ ಬಾಯಿಗೆ ಹೋಗುತ್ತಿರಲಿಲ್ಲ. ಅವು ಗೇಣಿಗೆ ಮೀಸಲು. ಹಾಗಾಗಿ ಒಂದೇ ಹಿಡುವಳಿಯಲ್ಲಿ ಎರಡು ಬೇಸಾಯಗಳು ನಡೆಯುತ್ತಿದ್ದವು ಎನ್ನಬಹುದು, ಒಂದು ಹೊಟ್ಟೆಯದು, ಇನ್ನೊಂದು ಒಡೆಯನದು.

ಬೆಳೆ ತೆಗೆಯುವ ರೀತಿಯನ್ನೂ ಹೇಳಬೇಕು. ಗುದ್ದಲಿಯಿಂದ ಎರಡೂ ಕಡೆಯ ಹುಲ್ಲುಹೆಂಟೆಯನ್ನು ಒಳಗೆ ಮಗುಚಿ, ನಡುವೆ ಗೊಬ್ಬರ, ಕಡಲ ಹತ್ತಿರವಾದರೆ ಕಡಲಕಳೆ, ಅದರ ಮೇಲೆ ಬಿತ್ತನೆ ಗಡ್ಡೆ ಇಟ್ಟು ಉದ್ದನೆಯ ಏರುಮಡಿ ಮಾಡುತ್ತಿದ್ದರು. ಮಡಿಗಳ ನಡುವಿನ ಕಾಲುವೆ ನೀರನ್ನು ಹರಿಸಿ ಹಾಕುತ್ತಿತ್ತು. ಇಂಗ್ಲಿಷಿನಲ್ಲಿ ಇದಕ್ಕೆ ‘ಸೋಮಾರಿ ಮಡಿ’ ಎಂಬ ಹೆಸರು ಬಂದಿರುವುದು ಅನ್ಯಾಯ; ನೇಗಿಲು ಹೋಗಲಾರದ ಇಳಿಜಾರಿನಲ್ಲಿ ಬೆನ್ನು ಬಗ್ಗಿಸಿ ತೋಡಿದ ಸಾಲುಗಳು ಅವು. ಸಂಜೆಯ ಓರೆ ಬಿಸಿಲಿನಲ್ಲಿ ಗುಡ್ಡದ ಮೈಮೇಲೆ ಆ ಸಾಲುಗಳು ಇಂದಿಗೂ ಬಾಚಣಿಗೆ ಎಳೆದಂತೆ ಎದ್ದು ಕಾಣುತ್ತವೆ. ನಾನು ಮೊದಲು ನೋಡಿದಾಗ ಯಾವುದೋ ಯಂತ್ರದ ಗುರುತು ಎಂದುಕೊಂಡಿದ್ದೆ. ಪಕ್ಕದ ಮನೆಯ ಅಜ್ಜ ತಿದ್ದಿದರು.

ಇನ್ನು ಹಿಡುವಳಿ. ಪಶ್ಚಿಮದ ಕೌಂಟಿಗಳಲ್ಲಿ ರನ್‌ಡೇಲ್ ಎಂಬ ಪದ್ಧತಿ ಇತ್ತು. ಹಲವು ಮನೆಗಳು ಒಟ್ಟಾಗಿ ಒಂದು ಟೌನ್‌ಲ್ಯಾಂಡಿಗೆ ಗೇಣಿ ಕಟ್ಟಿ, ಒಳ್ಳೆಯ ನೆಲ, ಸಾಧಾರಣ ನೆಲ, ಕೆಟ್ಟ ನೆಲ ಮೂರರಲ್ಲೂ ಎಲ್ಲರಿಗೂ ಪಾಲು ಬರುವಂತೆ ಪಟ್ಟಿಪಟ್ಟಿಯಾಗಿ ಹಂಚಿಕೊಳ್ಳುತ್ತಿದ್ದರು. ಹುಲ್ಲುಗಾವಲು ಮತ್ತು ಗುಡ್ಡ ಎಲ್ಲರಿಗೂ ಸೇರಿದ್ದವು. ಒಂದು ಮನೆಗೆ ಹತ್ತಿಪ್ಪತ್ತು ಕಡೆ ಚೂರು ನೆಲ ಇರುತ್ತಿದ್ದುದು ಹೀಗೆ. ಮಗನಿಗೆ ಮದುವೆಯಾದರೆ ಅವನಿಗೊಂದು ತುಂಡು, ಅಳಿಯನಿಗೊಂದು ತುಂಡು. ಇವರ ಕೆಳಗೆ ನೆಲವೇ ಇಲ್ಲದವರು ಇದ್ದರು. ಅವರು ‘ಕೋನೇಕರ್’ ಎಂಬ ಹೆಸರಿನಲ್ಲಿ ಒಂದು ಹಂಗಾಮಿಗೆ ಮಾತ್ರ ಅರ್ಧ ಎಕರೆ ಹಿಡಿದು ಆಲೂಗಡ್ಡೆ ಹಾಕಿ, ಬಾಡಿಗೆಯನ್ನು ಬಹುಪಾಲು ಕೂಲಿಯಲ್ಲಿ ತೀರಿಸುತ್ತಿದ್ದರು. ಇವರ ಹೆಸರು ಒಡೆಯನ ಗೇಣಿ ಪುಸ್ತಕದಲ್ಲಿ ಇರುತ್ತಿರಲಿಲ್ಲ. 1841ರ ಜನಗಣತಿ ಮನೆಗಳನ್ನು ನಾಲ್ಕು ದರ್ಜೆಗೆ ಹಂಚಿತ್ತು. ನಾಲ್ಕನೆಯ ದರ್ಜೆ ಎಂದರೆ ಒಂದೇ ಕೋಣೆಯ ಮಣ್ಣಿನ ಗುಡಿಸಲು. ದೇಶದಲ್ಲಿ ಅಂಥವು ಸುಮಾರು 4,91,000 ಇದ್ದವು. ಹತ್ತು ವರ್ಷಗಳಲ್ಲಿ ಉಳಿದದ್ದು ಸುಮಾರು 1,35,000. ಆ ಗುಡಿಸಲುಗಳು ಹೆಂಚಿನ ಮನೆಗಳಾಗಿ ಬೆಳೆದು ಲೆಕ್ಕದಿಂದ ಇಳಿಯಲಿಲ್ಲ, ಅವುಗಳಲ್ಲಿದ್ದವರೇ ಇಲ್ಲವಾದರು.

ಸರಪಳಿ ಅಳತೆ

ನಾನು ಭೂಮಾಪನ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ನಕ್ಷೆಯ ಬಗ್ಗೆ ಒಂದೆರಡು ಮಾತು ಹೇಳಬಲ್ಲೆ.

ಟೌನ್‌ಲ್ಯಾಂಡುಗಳ ಮೇರೆಗಳನ್ನು ಮೊದಲ ಬಾರಿಗೆ ಇಡೀ ದೇಶಕ್ಕೆ ಒಂದೇ ಅಳತೆಯಲ್ಲಿ ಗುರುತಿಸಿದ್ದು 1824ರಲ್ಲಿ ಆರಂಭವಾದ ಆರ್ಡ್‌ನೆನ್ಸ್ ಸರ್ವೆ. ಥಾಮಸ್ ಕೋಲ್ಬಿ ಅದರ ಮುಖ್ಯಸ್ಥ. ಮೈಲಿಗೆ ಆರು ಇಂಚಿನ ನಕ್ಷೆಗಳು 1833ರಿಂದ ಹೊರಬರತೊಡಗಿ 1846ರಲ್ಲಿ ಕೆರ್ರಿ ಕೌಂಟಿಯೊಂದಿಗೆ ಮುಗಿದವು. ಉದ್ದೇಶ ಸ್ಥಳೀಯ ತೆರಿಗೆಯನ್ನು ಸಮನಾಗಿ ಹಂಚುವುದು. ಹೆಸರುಗಳ ಕೆಲಸಕ್ಕೆ ಜಾನ್ ಓ’ಡಾನವನ್ ಎಂಬ ವಿದ್ವಾಂಸರು ಕೌಂಟಿಯಿಂದ ಕೌಂಟಿಗೆ ನಡೆದು, ಹಿರಿಯರ ಬಾಯಿಂದ ಉಚ್ಚಾರ ಕೇಳಿ ಬರೆದುಕೊಂಡರು. ಕೊನೆಗೆ ನಕ್ಷೆಗೆ ಏರಿದ್ದು ಐರಿಷ್ ಧ್ವನಿಗೆ ಇಂಗ್ಲಿಷ್ ಅಕ್ಷರ ತೊಡಿಸಿದ ರೂಪ. ‘ಕ್ನಾಕ್’ ಬಂದರೆ ಗುಡ್ಡ, ‘ಡೆರಿ’ ಓಕ್ ತೋಪು, ‘ಕ್ಲೂನ್’ ಹುಲ್ಲುಬಯಲು, ‘ಕಿಲ್’ ಬಹುಮಟ್ಟಿಗೆ ಚರ್ಚು, ‘ಲಿಸ್’ ದುಂಡು ಕೋಟೆ.

ಇದಕ್ಕೂ ನಮಗೂ ನೇರವಾದ ಒಂದು ನಂಟಿದೆ. 1827-28ರಲ್ಲಿ ಐರ್ಲೆಂಡಿನ ಉತ್ತರದ ಲಾಖ್ ಫ಼ಾಯ್ಲ್ ಕೊಲ್ಲಿಯ ದಂಡೆಯಲ್ಲಿ ಸುಮಾರು ಎಂಟು ಮೈಲಿಯ ಆಧಾರರೇಖೆಯನ್ನು, ಅಂದರೆ ಉಳಿದ ಅಳತೆಗಳಿಗೆಲ್ಲ ಬುನಾದಿಯಾಗುವ ಗೆರೆಯನ್ನು, ಅಳೆಯಲು ಕೋಲ್ಬಿ ಹಿತ್ತಾಳೆ ಮತ್ತು ಕಬ್ಬಿಣ ಜೋಡಿಸಿದ ಪಟ್ಟಿಗಳನ್ನು ರೂಪಿಸಿದರು. ಬಿಸಿಲಿಗೆ ಎರಡು ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ, ಆ ವ್ಯತ್ಯಾಸವನ್ನೇ ಬಳಸಿಕೊಂಡು ತುದಿಯ ಎರಡು ಚುಕ್ಕೆಗಳ ನಡುವಿನ ಅಂತರ ಬದಲಾಗದಂತೆ ಮಾಡಿದ ಉಪಕರಣ ಅದು. ಭಾರತದ ಭೂಮಾಪನದ ಮುಖ್ಯಸ್ಥ ಜಾರ್ಜ್ ಎವರೆಸ್ಟ್ ಅಂಥ ಪಟ್ಟಿಗಳನ್ನು 1830ರಲ್ಲಿ ಭಾರತಕ್ಕೆ ತಂದರು. 1868ರಲ್ಲಿ ಬೆಂಗಳೂರಿನ ಆಧಾರರೇಖೆಯನ್ನು ಅಳೆದದ್ದೂ ಕೋಲ್ಬಿಯ ಪದ್ಧತಿಯ ಪಟ್ಟಿಗಳಿಂದಲೇ. ಆ ಮನುಷ್ಯನ ಬಗ್ಗೆ ನನಗೆ ತುಂಬಾ ಗೌರವವಿದೆ.

ಕಡತ ಓದುವವರಿಗೆ ಒಂದು ಎಚ್ಚರಿಕೆ. 1823ರಿಂದ 1837ರವರೆಗಿನ ಟೈದ್ ಪುಸ್ತಕಗಳಲ್ಲಿ, ಅಂದರೆ ಚರ್ಚಿನ ದಶಾಂಶ ತೆರಿಗೆಯ ಲೆಕ್ಕದಲ್ಲಿ, ಎಕರೆ ಎಂದು ಬರೆದಿರುವುದು ಸಾಮಾನ್ಯವಾಗಿ ಐರಿಷ್ ಎಕರೆ. ಅದು ನಾವು ಬಲ್ಲ ಎಕರೆಯ 1.62ರಷ್ಟು. ನಂತರದ ಗ್ರಿಫ಼ಿತ್ ಮೌಲ್ಯಮಾಪನದಲ್ಲಿ, ಅಂದರೆ ತೆರಿಗೆಗಾಗಿ ನೆಲ ಮತ್ತು ಕಟ್ಟಡಗಳಿಗೆ ಬೆಲೆ ಕಟ್ಟಿದ ಸರ್ಕಾರಿ ಪಟ್ಟಿಯಲ್ಲಿ, ಇರುವುದು ನಾವು ಬಲ್ಲ ಎಕರೆ, ಅದರೊಳಗೆ ನಾಲ್ಕು ರೂಡ್, ರೂಡಿಗೆ ನಲವತ್ತು ಪರ್ಚ್. ಎರಡನ್ನೂ ಪಕ್ಕಪಕ್ಕ ಇಟ್ಟು, ‘ಈ ಮನೆಯವರ ಜಮೀನು ಇಪ್ಪತ್ತು ವರ್ಷಗಳಲ್ಲಿ ಒಂದೂವರೆ ಪಟ್ಟು ಬೆಳೆಯಿತು’ ಎಂದು ಬರೆದವರನ್ನು ನಾನು ನೋಡಿದ್ದೇನೆ. ಬೆಳೆದದ್ದು ಜಮೀನಲ್ಲ.

ತುಂಗಾತೀರ

ಕೆರೆದಂಡೆಯವರ ಬರಹದಲ್ಲಿ ಒಕ್ಕಲೆಬ್ಬಿಸಿದರು ಎಂಬುದು ಮಾತ್ರ ಇದೆ. ಬ್ಯಾಲಿಕಿಲ್‌ಕ್ಲೈನಿನ ಗೇಣಿದಾರರು ವರ್ಷಗಟ್ಟಲೆ ಗೇಣಿಯನ್ನೇ ಕಟ್ಟಿರಲಿಲ್ಲ ಎಂದು ಓದಿದ್ದೇನೆ. ಹಾಗಿದ್ದಲ್ಲಿ ಕಾನೂನಿನಂತೆ ನಡೆದದ್ದನ್ನು ದೌರ್ಜನ್ಯ ಎನ್ನುವುದು ಎಷ್ಟು ಸರಿ? ಬರಗಾಲವನ್ನು ತಂದದ್ದು ರೋಗ, ಮನುಷ್ಯರಲ್ಲ.

ಕೆರೆದಂಡೆ

ಪ್ರಶ್ನೆ ನ್ಯಾಯವಾದದ್ದು. ನೀವು ಓದಿದ್ದೂ ಸರಿ. ಆ ನೆಲ ಬ್ರಿಟಿಷ್ ರಾಜಮನೆತನದ ಆಸ್ತಿ. ಸ್ಟ್ರೋಕ್ಸ್‌ಟೌನಿನ ಜಮೀನ್ದಾರರಾದ ‘ಮಹಾನ್’ ಎಂಬ ಹೆಸರಿನ ಮನೆತನ ಅದನ್ನು ಗುತ್ತಿಗೆ ಹಿಡಿದಿತ್ತು. 1834ರಲ್ಲಿ ಆ ಗುತ್ತಿಗೆ ಮುಗಿದು ನೆಲ ನೇರವಾಗಿ ಸರ್ಕಾರದ ಕೈಗೆ ಮರಳಿತು. ಸ್ವಲ್ಪ ಕಾಲದಲ್ಲೇ ಒಕ್ಕಲುಗಳು ಗೇಣಿ ನಿಲ್ಲಿಸಿದರು, ವಕೀಲರನ್ನು ಹಿಡಿದರು, ಅರ್ಜಿಗಳನ್ನು ಬರೆಸಿದರು. ಹತ್ತು ವರ್ಷಕ್ಕೂ ಮೀರಿ ನಡೆದ ಆ ಹಟವನ್ನು ನಾನು ಮುಚ್ಚಿಡಲು ಬಯಸುವುದಿಲ್ಲ. ಅವರನ್ನು ಬರಿಯ ಬಡಪಾಯಿಗಳನ್ನಾಗಿ ಮಾತ್ರ ಚಿತ್ರಿಸುವುದು ಅವರಿಗೆ ಮಾಡುವ ಅವಮಾನ. ಪುರಾತತ್ವಜ್ಞರು ಅಲ್ಲಿ ಮನೆಗಳ ನೆಲೆಯನ್ನು ಅಗೆದಾಗ ಸಿಕ್ಕವುಗಳಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ನಯವಾದ, ಬಣ್ಣ ಹಾಕಿದ ಪಿಂಗಾಣಿಯ ಚೂರುಗಳು ಬಹಳ ಇದ್ದವು. ಪೇಟೆಗೆ ಹೋಗಿ, ಆರಿಸಿ, ಕೊಂಡು ತಂದ ಬಟ್ಟಲುಗಳು. ಮನೆಯಲ್ಲಿ ಒಂದು ಚಂದದ ವಸ್ತು ಇರಲಿ ಎಂದುಕೊಂಡವರು ಅವರು.

ಆದರೆ ಕಾನೂನು ಎಂಬ ಮಾತನ್ನು ಅಷ್ಟಕ್ಕೇ ಬಿಡಲಾರೆ. ರೋಗ 1845ರ ಶರತ್ಕಾಲದಲ್ಲಿ ಬಂತು, 1846ರಲ್ಲಿ ಬೆಳೆ ಪೂರ್ತಿ ಕೊಳೆಯಿತು. ಗಡ್ಡೆ ಕೊಳೆತದ್ದು ರೋಗದಿಂದ, ಒಪ್ಪಿದೆ. ಮನೆಗಳು ಬಿದ್ದದ್ದು ಬೇರೆ ಕಾರಣದಿಂದ. 1843ರ ಕಾಯ್ದೆಯಂತೆ ನಾಲ್ಕು ಪೌಂಡ್ ಅಥವಾ ಅದಕ್ಕಿಂತ ಕಡಿಮೆ ಮೌಲ್ಯದ ಹಿಡುವಳಿಗಳ ಮೇಲೆ ಬೀಳುವ, ಬಡವರ ನೆರವಿಗಾಗಿ ಎತ್ತುವ ತೆರಿಗೆಯನ್ನು ಒಡೆಯನೇ ಕಟ್ಟಬೇಕಿತ್ತು. ಹಸಿವು ಹೆಚ್ಚಿದಂತೆ ಆ ತೆರಿಗೆ ಏರಿತು. ಏರಿದಂತೆಲ್ಲ ಸಣ್ಣ ಹಿಡುವಳಿಯ ಪ್ರತಿಯೊಂದು ಗುಡಿಸಲೂ ಒಡೆಯನ ಲೆಕ್ಕದಲ್ಲಿ ಖರ್ಚಿನ ಬಾಬ್ತಾಯಿತು. ಇದಕ್ಕೆ 1847ರ ‘ಕಾಲು ಎಕರೆ’ ನಿಯಮ ಸೇರಿತು. ಕಾಲು ಎಕರೆಗಿಂತ ಹೆಚ್ಚು ನೆಲ ಹಿಡಿದವನಿಗೆ ಸರ್ಕಾರದ ನೆರವು ಇಲ್ಲ. ಮಕ್ಕಳಿಗೆ ಗಂಜಿ ಬೇಕಾದರೆ ನೆಲ ಬಿಟ್ಟುಕೊಡಬೇಕು, ನೆಲ ಉಳಿಸಿಕೊಂಡರೆ ಗಂಜಿ ಇಲ್ಲ.

ಪಕ್ಕದ ಸ್ಟ್ರೋಕ್ಸ್‌ಟೌನ್ ಎಸ್ಟೇಟಿನಲ್ಲಿ ಅದೇ ವರ್ಷ ಮೇಜರ್ ಡೆನಿಸ್ ಮಹಾನ್ 1,490 ಜನರನ್ನು ಕೆನಡಾಕ್ಕೆ ಸಾಗಿಸಲು ಗೊತ್ತುಮಾಡಿದ. ಅವರು ಡಬ್ಲಿನ್ನಿನವರೆಗೆ, ಸುಮಾರು 165 ಕಿಲೋಮೀಟರ್, ರಾಯಲ್ ಕಾಲುವೆಯ ದಂಡೆಯ ಮೇಲೆ ನಡೆದು ಹೋದರು. ಲಿವರ್‌ಪೂಲಿನಿಂದ ಹೊರಟ ಹಡಗುಗಳಲ್ಲಿ ಸತ್ತವರು ಬಹಳ ಮಂದಿ. 1847ರ ನವೆಂಬರ್ 2ರಂದು ಮಹಾನ್ ಗುಂಡೇಟಿಗೆ ಬಲಿಯಾದ. ರಾಸ್‌ಕಾಮನ್ ಕೌಂಟಿಯ ಜನಸಂಖ್ಯೆ 1841ರಲ್ಲಿ ಸುಮಾರು 2,53,000 ಇದ್ದದ್ದು 1851ರಲ್ಲಿ 1,73,000 ಆಯಿತು. ಕನ್ನಡದಲ್ಲಿ ‘ಒಕ್ಕಲು’ ಎಂದರೆ ಮನೆತನ, ‘ಒಕ್ಕಲೆಬ್ಬಿಸು’ ಎಂದರೆ ಆ ಮನೆತನವನ್ನೇ ನೆಲದಿಂದ ಎಬ್ಬಿಸುವುದು. ನಡೆದದ್ದಕ್ಕೆ ನಮ್ಮ ಮಾತೇ ಹೆಚ್ಚು ನಿಖರ ಎಂದು ನನಗೆ ಅನಿಸುತ್ತದೆ.

ತುಂಗಾತೀರ

ನಾಲ್ಕು ಪೌಂಡಿನ ವಿಷಯ ನನಗೆ ತಿಳಿದಿರಲಿಲ್ಲ. ನನ್ನ ಮಾತಿನ ಕೊನೆಯ ವಾಕ್ಯವನ್ನು ಹಿಂತೆಗೆದುಕೊಳ್ಳುತ್ತೇನೆ.

ಪಡುವಣ ಕೋಣೆ

ನಾನು ಕ್ಲೇರ್ ಕೌಂಟಿಯಲ್ಲಿ ವೃದ್ಧರ ಮನೆಗಳಿಗೆ ಹೋಗಿ ಆರೈಕೆ ಮಾಡುವ ದಾದಿ. ನೆಲದ ಬಗ್ಗೆ ಎಲ್ಲರೂ ಬರೆದಿದ್ದೀರಿ. ಮನೆಯ ಒಳಗಿನದನ್ನು ನಾನು ಸ್ವಲ್ಪ ಹೇಳುತ್ತೇನೆ.

ಹಳೆಯ ಹಳ್ಳಿಮನೆಗೆ ನಡುವೆ ಅಡುಗೆಮನೆ, ಅದರಲ್ಲಿ ಟರ್ಫ್ (ಜೌಗು ನೆಲದಿಂದ ಕಡಿದು ಒಣಗಿಸಿದ ಉರುವಲು) ಉರಿಯುವ ಒಲೆ. ಒಲೆಯ ಹಿಂದಿನ ಕೋಣೆಗೆ ಈ ಭಾಗದಲ್ಲಿ ‘ಪಶ್ಚಿಮದ ಕೋಣೆ’ ಎಂಬ ಹೆಸರು. ಬರಗಾಲದ ನಂತರ ನೆಲ ಹಂಚುವುದು ನಿಂತುಹೋಯಿತು. ಒಬ್ಬನೇ ಮಗನಿಗೆ ಇಡೀ ಹಿಡುವಳಿ. ಅವನ ಮದುವೆಯ ಮಾತುಕತೆಯಲ್ಲಿ ಹೆಣ್ಣಿನ ಕಡೆಯವರು ಬಂದು ನೆಲವನ್ನು ನಡೆದು ನೋಡಿ, ದನ ಎಣಿಸಿ, ವರದಕ್ಷಿಣೆಯ ಮೊತ್ತವನ್ನು ಕುದುರಿಸುತ್ತಿದ್ದರು; ಆ ಹಣದಿಂದಲೇ ಹಲವು ವೇಳೆ ಗಂಡಿನ ತಂಗಿಯ ಮದುವೆಯೋ, ತಮ್ಮನ ಹಡಗಿನ ಟಿಕೇಟೋ ಆಗುತ್ತಿತ್ತು. ಮದುವೆಯ ದಿನವೇ ಜಮೀನು ಮಗನ ಹೆಸರಿಗೆ, ತಂದೆತಾಯಿ ಪಶ್ಚಿಮದ ಕೋಣೆಗೆ. ಅವರಿಗೆ ಎಷ್ಟು ಆಲೂಗಡ್ಡೆ, ಎಷ್ಟು ಹಾಲು, ಒಲೆಯ ಬಳಿ ಕೂರುವ ಹಕ್ಕು ಎಂಬುದನ್ನೆಲ್ಲ ಪತ್ರದಲ್ಲಿ ಬರೆಸುವುದೂ ಇತ್ತು. 1930ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞರು ಕ್ಲೇರ್‌ಗೆ ಬಂದಾಗ ಈ ಪದ್ಧತಿಯನ್ನು ಕಣ್ಣಾರೆ ಕಂಡು ದಾಖಲಿಸಿದ್ದಾರೆ.

ಕೆರೆದಂಡೆಯವರ ಪ್ರಶ್ನೆಗೆ ನನ್ನ ಉತ್ತರ 1911ರ ಜನಗಣತಿಯ ಹಾಳೆಗಳು. 1901 ಮತ್ತು 1911ರವು ಪೂರ್ತಿ ಉಳಿದಿವೆ, ಟೌನ್‌ಲ್ಯಾಂಡಿನ ಹೆಸರು ಕೊಟ್ಟರೆ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದುಕೊಳ್ಳುತ್ತವೆ. ಒಂದು ಹಾಳೆಯಲ್ಲಿ ಮನೆಯವರ ಹೆಸರು, ವಯಸ್ಸು, ಓದುಬರಹ, ಐರಿಷ್ ಬಲ್ಲರೇ ಎಂಬುದು. ಇನ್ನೊಂದರಲ್ಲಿ ಮನೆ: ಗೋಡೆ ಕಲ್ಲಿನದಾದರೆ ಒಂದು ಅಂಕ, ಮಣ್ಣಿನದಾದರೆ ಸೊನ್ನೆ, ಚಾವಣಿ ಸ್ಲೇಟಿನದಾದರೆ ಒಂದು, ಹುಲ್ಲಿನದಾದರೆ ಸೊನ್ನೆ, ಕೋಣೆಗಳಿಗೆ ಇಷ್ಟು, ಮುಂಭಾಗದ ಕಿಟಕಿಗಳಿಗೆ ಇಷ್ಟು. ಕೂಡಿದರೆ ಮನೆಯ ದರ್ಜೆ. ಮತ್ತೊಂದರಲ್ಲಿ ಕೊಟ್ಟಿಗೆ, ಹಂದಿಗೂಡು, ಕೋಳಿಗೂಡು.

ಆ ಮೊದಲ ಹಾಳೆಯ ಒಂದು ಅಂಕಣವನ್ನು ಮಾತ್ರ ನಾನು ಸುಲಭವಾಗಿ ಓದಲಾರೆ. 1911ರಲ್ಲಿ ಮದುವೆಯಾದ ಹೆಂಗಸರನ್ನು ಕೇಳಿದ್ದರು: ಮದುವೆಯಾಗಿ ಎಷ್ಟು ವರ್ಷ, ಜೀವಂತ ಹುಟ್ಟಿದ ಮಕ್ಕಳೆಷ್ಟು, ಈಗ ಬದುಕಿರುವವರೆಷ್ಟು. ಹನ್ನೊಂದು ಎಂದು ಬರೆದ ಪಕ್ಕದಲ್ಲಿ ಏಳು ಎಂದಿರುತ್ತದೆ. ಮನೆಯಲ್ಲಿ ಆ ರಾತ್ರಿ ಮಲಗಿದ್ದವರ ಪಟ್ಟಿಯಲ್ಲಿ ಎರಡೇ ಮಕ್ಕಳ ಹೆಸರು. ನಾಲ್ವರು ಮಣ್ಣಿನಲ್ಲಿ, ಉಳಿದ ಐವರಲ್ಲಿ ಹಲವರು ಕಡಲಾಚೆ ಇದ್ದಿರಬೇಕು. ಹೆರಿಗೆ ವಾರ್ಡಿನಲ್ಲಿ ಎಂಟು ವರ್ಷ ಕಳೆದ ನನಗೆ ಆ ಮೂರು ಸಂಖ್ಯೆಗಳು ಸಾಕು, ಆ ತಾಯಿಯ ಮುಖ ಕಣ್ಣೆದುರು ಬರುತ್ತದೆ.

ಹಳೆಯ ಕಡತ

ಅದೇ ಹಾಳೆಗಳಲ್ಲಿ ಒಂದು ವಿಚಿತ್ರ ಕಂಡೆ. 1901ರಲ್ಲಿ 56 ಎಂದು ಬರೆಸಿದ ರೈತ 1911ರಲ್ಲಿ 71 ಎಂದು ಬರೆಸಿದ್ದಾನೆ. ಬರೆದುಕೊಂಡವರ ತಪ್ಪೇ?

ಪಡುವಣ ಕೋಣೆ

ಎಲ್ಲ ಕಡೆಯೂ ಹೀಗೆಯೇ ಇದೆ. 1909ರ ಜನವರಿಯಿಂದ 70 ದಾಟಿದವರಿಗೆ ವಾರಕ್ಕೆ ಐದು ಶಿಲಿಂಗ್ ಪಿಂಚಣಿ ಆರಂಭವಾಯಿತು. ಜನನ ನೋಂದಣಿ ಶುರುವಾದದ್ದೇ 1864ರಲ್ಲಿ, ಆದ್ದರಿಂದ ಅವರ ಬಳಿ ಪುರಾವೆ ಇರಲಿಲ್ಲ. ಸುಳ್ಳು ಹೇಳಿದವರು ಇದ್ದೇ ಇದ್ದರು. ಆದರೆ ತಮ್ಮ ವಯಸ್ಸನ್ನು ಅಲ್ಲಿಯವರೆಗೆ ಯಾರೂ ಕೇಳಿಯೇ ಇರದ ಕಾರಣ ಲೆಕ್ಕವಿಡದವರೂ ಬಹಳ. ಹಳೆಯ ಜನಗಣತಿಯಲ್ಲಿ ತಮ್ಮ ಹೆಸರು ಹುಡುಕಿಸಿ ವಯಸ್ಸನ್ನು ಸಾಬೀತು ಮಾಡಿದವರೂ ಇದ್ದಾರೆ. ಆ ಹಳೆಯ ಪುಸ್ತಕಗಳಲ್ಲಿ ಬಹುಪಾಲು 1922ರ ಜೂನ್ 30ರಂದು ಡಬ್ಲಿನ್ನಿನ ಫ಼ೋರ್ ಕೋರ್ಟ್ಸ್ ಎಂಬ ನ್ಯಾಯಾಲಯಗಳ ಆವರಣದ ದಾಖಲೆ ಕಚೇರಿಯಲ್ಲಿ ಸುಟ್ಟುಹೋದವು. 1841ರ ಬ್ಯಾಲಿಕಿಲ್‌ಕ್ಲೈನಿನ ಮನೆಗಳ ಹಾಳೆಗಳನ್ನು ನಾವು ನೋಡಲಾಗದಿರುವುದಕ್ಕೆ ಅದೇ ಕಾರಣ.

ಸರಪಳಿ ಅಳತೆ

ಗ್ರಿಫ಼ಿತ್ ಮೌಲ್ಯಮಾಪನದ ಮಹತ್ವ ಹೆಚ್ಚಿದ್ದೂ ಆ ಬೆಂಕಿಯಿಂದಲೇ. 1847ರಿಂದ 1864ರವರೆಗೆ ಪ್ರಕಟವಾದ ಆ ಪುಸ್ತಕಗಳಲ್ಲಿ ಅನುಭೋಗದಾರನ ಹೆಸರು, ಅವನಿಗೆ ನೆಲ ಕೊಟ್ಟವನ ಹೆಸರು, ವಿಸ್ತೀರ್ಣ, ನೆಲದ ಮೌಲ್ಯ, ಕಟ್ಟಡದ ಮೌಲ್ಯ ಇವೆ. ಪಕ್ಕದ ಸಂಖ್ಯೆ ನಕ್ಷೆಯ ತುಂಡನ್ನು ಸೂಚಿಸುತ್ತದೆ, ಸಂಖ್ಯೆಯ ಜೊತೆಗಿನ ಸಣ್ಣಕ್ಷರ ಮನೆಯನ್ನು. ಹಲವು ಹೆಸರುಗಳನ್ನು ಒಂದೇ ಆವರಣ ಚಿಹ್ನೆ ಹಿಡಿದಿದ್ದರೆ ಅದು ರನ್‌ಡೇಲ್ ಮಾದರಿಯ ಕೂಡು ಹಿಡುವಳಿಯ ಗುರುತಾಗಿರಬಹುದು. ನೆಲ ಕೊಟ್ಟವನನ್ನು ಕೂಡಲೇ ಜಮೀನ್ದಾರ ಎಂದುಕೊಳ್ಳಬೇಡಿ. ಅವನು ಪಕ್ಕದ ಹೊಲದ ರೈತನೇ ಆಗಿದ್ದು, ತನ್ನ ಕೂಲಿಯವನಿಗೆ ಒಂದು ಗುಡಿಸಲು ಕೊಟ್ಟಿರುವುದು ಸಾಮಾನ್ಯ. ಕೆರೆದಂಡೆಯವರು ಹೇಳಿದ ನೆಲವಿಲ್ಲದವರು ಈ ಕಡತದಲ್ಲಿ ಎಲ್ಲಾದರೂ ಕಾಣಸಿಗುವುದಾದರೆ ಆ ಸಾಲುಗಳಲ್ಲಿ, ವಿಸ್ತೀರ್ಣದ ಜಾಗದಲ್ಲಿ ಬರಿಯ ಗೀಟು ಎಳೆದಿರುವಲ್ಲಿ.

ಮುಂದಿನ ಕಥೆ ಎಲ್ಲರಿಗೂ ತಿಳಿದದ್ದು. ಗೇಣಿದಾರರ ಹಕ್ಕಿಗಾಗಿ ಹೋರಾಡಿದ 1879ರ ಲ್ಯಾಂಡ್ ಲೀಗ್, ಅವರಿಗೆ ನ್ಯಾಯವಾದ ಗೇಣಿ ಮತ್ತು ಭದ್ರತೆ ಕೊಟ್ಟ 1881ರ ಕಾಯ್ದೆ, ಸರ್ಕಾರದ ಸಾಲದಿಂದ ನೆಲ ಕೊಳ್ಳಲು ದಾರಿ ಮಾಡಿದ 1903ರ ವಿಂಡಮ್ ಕಾಯ್ದೆ. 1870ರಲ್ಲಿ ರೈತರಲ್ಲಿ ನೂರಕ್ಕೆ ಮೂವರಷ್ಟೇ ತಮ್ಮ ನೆಲದ ಒಡೆಯರಾಗಿದ್ದರು. ವಿಂಡಮ್ ಕಾಯ್ದೆ ಬಂದ ಮೇಲೆ ಸಾಲದ ಕಂತನ್ನು 68 ವರ್ಷಕ್ಕೂ ಮೀರಿ ಕಟ್ಟುತ್ತ ಬಹುಪಾಲು ಜನ ಒಡೆಯರಾದರು. 1881ರ ಆ ಐರಿಷ್ ಕಾಯ್ದೆಯ ಛಾಯೆ 1885ರ ಬಂಗಾಳದ ಗೇಣಿ ಕಾಯ್ದೆಯ ಚರ್ಚೆಯ ಮೇಲೆ ಸ್ಪಷ್ಟವಾಗಿ ಬಿದ್ದಿತ್ತು.

ಕೆರೆದಂಡೆ

ಎಲ್ಲರಿಗೂ ಋಣಿ. ನಿನ್ನೆ ಸಂಜೆ ಆರು ಇಂಚಿನ ಹಳೆಯ ನಕ್ಷೆಯನ್ನು ಫೋನಿನಲ್ಲಿ ತೆರೆದುಕೊಂಡು, ಹೊಲದ ಯಜಮಾನರ ಒಪ್ಪಿಗೆ ಪಡೆದು ಮತ್ತೊಮ್ಮೆ ಬ್ಯಾಲಿಕಿಲ್‌ಕ್ಲೈನಿಗೆ ಹೋದೆ. ಬರಗಾಲಕ್ಕೆ ಮುಂಚಿನ ಆ ನಕ್ಷೆಯಲ್ಲಿ ಮನೆಗಳು ಕಪ್ಪು ಚುಕ್ಕೆಗಳಂತೆ ಸಾಲಾಗಿ ಇವೆ. ಚುಕ್ಕೆಗಳಿದ್ದಲ್ಲಿ ಈಗ ಗೋಡೆಯಿಲ್ಲ. ಯಜಮಾನರು ಮಾತ್ರ ನನಗೆ ಒಂದು ಗುರುತು ಹೇಳಿಕೊಟ್ಟರು: ಹುಲ್ಲುಗಾವಲಿನ ನಡುವೆ ಕಾರಣವಿಲ್ಲದೆ ಒಂದು ಕಡೆ ತುರಿಕೆ ಸೊಪ್ಪು ಒತ್ತಾಗಿ ಬೆಳೆದಿದ್ದರೆ ಅಲ್ಲಿ ಹಿಂದೆ ಮನೆಯೋ ಕೊಟ್ಟಿಗೆಯೋ ಇತ್ತು ಎಂದೇ ತಿಳಿಯಬೇಕು. ಬೂದಿ, ಸಗಣಿ, ಎಲುಬು ಬಿದ್ದ ನೆಲದ ರಂಜಕ ಎಷ್ಟು ಕಾಲವಾದರೂ ಆರುವುದಿಲ್ಲ, ತುರಿಕೆ ಸೊಪ್ಪಿಗೆ ಅದು ಬೇಕು. ನಕ್ಷೆಯನ್ನು ಪಕ್ಕಕ್ಕಿಟ್ಟು ಸೊಪ್ಪನ್ನು ನೋಡುತ್ತ ನಡೆದೆ. ಕತ್ತಲಾಗುವುದರೊಳಗೆ ಏಳು ಕಡೆ ಸಿಕ್ಕಿತು. ಅವುಗಳಲ್ಲಿ ಐದು ನಕ್ಷೆಯ ಚುಕ್ಕೆಗಳಿಗೆ ಸರಿಯಾಗಿ ಕೂಡಿದವು. ಉಳಿದ ಎರಡು ನಕ್ಷೆಯಲ್ಲಿ ಇಲ್ಲ.